ಮೆಚ್ಚಿದ ಚಿತ್ರ, ಶಿಲ್ಪ, ಕಟ್ಟಡಗಳನ್ನು ಗೆಳೆಯರೊಡನೆ ನೋಡುವುದು ಹೇಗೆ? ಒಂದು ಕೋರಿಕೆ, ಕೆಲವು ಅನುಭವಗಳು

ಕೋರಿಕೆ: ದಾವಣಗೆರೆಯ ವಿದ್ಯಾನಗರದಿಂದ, ಬ್ಯಾಂಕ್ ಉದ್ಯೋಗಿ

ಎಲ್ಲರಿಗೂ ನಮಸ್ಕಾರ. ನಾವು ಏಳೆಂಟು ಮಂದಿ ಕಲಾಸಕ್ತರು ತಿಂಗಳಿಗೊಂದು ಭಾನುವಾರ ನಮ್ಮ ಮನೆಯಲ್ಲಿ ಸೇರಿ, ಅವರವರಿಗೆ ಮೆಚ್ಚಿಗೆಯಾದ ಚಿತ್ರ, ಶಿಲ್ಪ, ಕಟ್ಟಡಗಳನ್ನು ಪರಸ್ಪರ ತೋರಿಸಿಕೊಳ್ಳುವ ಪರಿಪಾಠವನ್ನು ಇತ್ತೀಚೆಗೆ ಆರಂಭಿಸಿದ್ದೇವೆ. ಬ್ಯಾಂಕಿನವರು, ಶಾಲಾ ಶಿಕ್ಷಕರು, ಔಷಧಿ ಅಂಗಡಿಯವರು ಹೀಗೆ ಬೇರೆ ಬೇರೆ ಕಸುಬಿನವರಿದ್ದು, ಕಲೆಯನ್ನು ಕ್ರಮವಾಗಿ ಅಭ್ಯಾಸ ಮಾಡಿದವರು ನಮ್ಮಲ್ಲಿ ಯಾರೂ ಇಲ್ಲ. ತೊಂದರೆ ಏನೆಂದರೆ, ಒಬ್ಬೊಬ್ಬರೂ ಮೊಬೈಲಿನಲ್ಲಿ ಹತ್ತಾರು ಚಿತ್ರಗಳನ್ನು ಸರಸರನೆ ಸರಿಸುತ್ತ ಹೋಗುತ್ತಾರೆ, ಉಳಿದವರು "ಬಹಳ ಚೆನ್ನಾಗಿದೆ" ಎನ್ನುತ್ತಾರೆ, ಕಾಫಿ ಬರುವ ಹೊತ್ತಿಗೆ ಮಾತು ಮಕ್ಕಳ ಪರೀಕ್ಷೆಯ ಕಡೆಗೆ ಹೊರಳಿರುತ್ತದೆ. ಮೆಚ್ಚಿಗೆ ನಿಜವಾದದ್ದೇ, ಆದರೆ ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತಿಲ್ಲ. ಇಂಥ ಕೂಟಗಳನ್ನು ನಡೆಸಿದವರು ತಮ್ಮ ಅನುಭವವನ್ನು ದಯವಿಟ್ಟು ಹಂಚಿಕೊಳ್ಳಿ.

ಚಿತ್ರದುರ್ಗದಿಂದ, ನಿವೃತ್ತ ಪ್ರೌಢಶಾಲಾ ಶಿಕ್ಷಕರು

ಮೇಡಂ, ನಿಮ್ಮ ಕೂಟದಲ್ಲಿ ಚಿತ್ರಗಳು ಹೆಚ್ಚಾಗಿವೆ. ತೊಂದರೆಯ ಮೂಲ ಅದೇ ಎಂದು ನನಗೆ ತೋರುತ್ತದೆ. ನಮ್ಮ ಗೆಳೆಯರ ಗುಂಪಿನಲ್ಲಿ ಒಂದು ಕಟ್ಟುಪಾಡು ಇದೆ. ಒಂದು ಸಂಜೆಗೆ ಒಂದೇ ಕೃತಿ. ಅದನ್ನು ತಂದವರು "ನನಗೆ ಇದು ಇಷ್ಟ" ಎಂದು ಹೇಳಿ ಸುಮ್ಮನಾಗುವಂತಿಲ್ಲ. ಕೃತಿಯ ಯಾವುದಾದರೂ ಒಂದು ಜಾಗವನ್ನು ಬೆರಳಿಟ್ಟು ತೋರಿಸಿ, ತಮ್ಮ ಕಣ್ಣು ಅಲ್ಲಿಯೇ ಏಕೆ ನಿಂತಿತು ಎಂಬುದನ್ನು ಹೇಳಬೇಕು. ಬೆರಳಿಟ್ಟು ತೋರಿಸಿದ ಮೇಲೆ ಎದುರಿನವರಿಗೆ ಒಪ್ಪುವುದಕ್ಕೋ ಒಪ್ಪದಿರುವುದಕ್ಕೋ ಏನಾದರೊಂದು ಸಿಗುತ್ತದೆ. "ಚೆನ್ನಾಗಿದೆ" ಎಂಬ ಮಾತಿನ ಎದುರು ತಲೆಯಾಡಿಸುವುದನ್ನು ಬಿಟ್ಟು ಬೇರೇನು ಮಾಡಲು ಸಾಧ್ಯ?

ನಮ್ಮ ಕೋಟೆಯ ಉದಾಹರಣೆಯನ್ನೇ ಕೊಡುತ್ತೇನೆ. ಚಿತ್ರದುರ್ಗಕ್ಕೆ ಬಂದವರೆಲ್ಲರೂ ಒನಕೆ ಓಬವ್ವನ ಕಿಂಡಿಯನ್ನು ನೋಡಿ, ಕಥೆ ಕೇಳಿ, ಚಿತ್ರ ತೆಗೆದುಕೊಂಡು, ಉಸಿರು ಸಾಕಾದರೆ ಏಕನಾಥೇಶ್ವರಿಯವರೆಗೆ ಹತ್ತಿ ಇಳಿದುಹೋಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಏಳು ಸುತ್ತಿನ ಕೋಟೆಯೆಂದು ಹೆಸರಾದ ಜಾಗದಲ್ಲಿ ಸುತ್ತುಗೋಡೆಯನ್ನು ನಿಂತು ನೋಡುವವರು ಅಪರೂಪ. ನಾವು ಒಂದು ಬೆಳಗಿನ ಹೊತ್ತು ಗೋಡೆಯ ಒಂದು ತುಂಡಿನ ಎದುರು ಮಾತ್ರ ಕುಳಿತೆವು. ಗಾರೆಯಿಲ್ಲದೆ ಜೋಡಿಸಿದ ಆ ದೊಡ್ಡ ಕಲ್ಲುಗಳಲ್ಲಿ ಒಂದರ ಅಳತೆ ಇನ್ನೊಂದಕ್ಕಿಲ್ಲ. ಕೆಳಗಿನ ಕಲ್ಲಿನ ಮೂಲೆಯನ್ನು ಮೆಟ್ಟಿಲಿನಂತೆ ಕಡಿದು, ಮೇಲಿನದನ್ನು ಅದರೊಳಕ್ಕೆ ಕೂರಿಸಿದ್ದಾರೆ. ನಮ್ಮ ಗುಂಪಿನಲ್ಲಿರುವ ದರ್ಜಿಯೊಬ್ಬರು, ಇದು ಅಳತೆ ಹಿಡಿದು ಕತ್ತರಿಸಿದ ಅಂಗಿಯ ಕೆಲಸವಲ್ಲ, ಕೈಗೆ ಸಿಕ್ಕ ತುಂಡುಗಳನ್ನು ಒಂದಕ್ಕೊಂದು ಒಪ್ಪಿಸಿ ಹೊಲಿದ ಕೌದಿ ಎಂದರು. ಆ ಮಾತಿನ ನಂತರ ಎಲ್ಲರೂ ಎದ್ದು ಹತ್ತಿರ ಹೋಗಿ ಕಲ್ಲಿನ ಸಂದುಗಳಲ್ಲಿ ಬೆರಳಾಡಿಸಿದರು. ಬಳಿಕ ಒಬ್ಬರು, ಗೋಡೆ ಹುಟ್ಟುಬಂಡೆಯ ಮೇಲೆ ಹತ್ತುವ ಜಾಗದಲ್ಲಿ ಬೆಟ್ಟ ಎಲ್ಲಿ ಮುಗಿಯಿತು, ಕಟ್ಟಡ ಎಲ್ಲಿ ಆರಂಭವಾಯಿತು ಎಂದು ದೂರದಿಂದ ಗುರುತಿಸಲಾಗುವುದಿಲ್ಲ ಎಂದರು. ಇನ್ನೊಬ್ಬರು ಪಕ್ಕದ ಬಂಡೆಯಲ್ಲಿ ಸಾಲಾಗಿ ಕೊರೆದ ಸಣ್ಣ ಕುಳಿಗಳನ್ನು ಕಂಡು ಅವೇನೆಂದು ಕೇಳಿದರು. ಬೆಣೆ ಬಡಿದು ಕಲ್ಲು ಸೀಳುವುದಕ್ಕೆ ಮಾಡಿದ ಕುಳಿಗಳವು. ಗೋಡೆಗೆ ಬೇಕಾದ ಕಲ್ಲು ಅಲ್ಲಿಯೇ, ಕಾಲಬುಡದಿಂದಲೇ ಎದ್ದದ್ದು ಎಂಬುದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಬಾಗಿಲು ದಾಟಿದ ಕೂಡಲೇ ದಾರಿ ಅಡ್ಡಕ್ಕೆ ತಿರುಗುವುದು ಏಕೆ ಎಂಬ ಪ್ರಶ್ನೆಯೂ ಹಾಗೆಯೇ ಹುಟ್ಟಿ ಹಾಗೆಯೇ ಬಗೆಹರಿಯಿತು. ನೇರ ದಾರಿಯಿದ್ದರೆ ಆನೆಯೋ ದಂಡೋ ಓಡಿಬಂದ ವೇಗದಲ್ಲಿಯೇ ಮುಂದಿನ ಬಾಗಿಲಿಗೆ ಗುದ್ದಬಹುದು; ತಿರುವಿನಲ್ಲಿ ಆ ವೇಗ ಸಾಯುತ್ತದೆ. ನಾಯಕರು ಹಲವು ತಲೆಮಾರು ಬೆಳೆಸಿದ ಈ ಕೋಟೆ 1779ರಲ್ಲಿ ಹೈದರಾಲಿಯ ವಶವಾಯಿತೆಂಬ ಇತಿಹಾಸವನ್ನು ನಾನು ಕಡೆಯಲ್ಲಿ ಹೇಳಿದೆ. ಮೊದಲೇ ಹೇಳಿದ್ದರೆ ಮಾತೆಲ್ಲ ಯುದ್ಧದ ಕಡೆಗೆ ಹೋಗಿ, ಗೋಡೆ ಕಣ್ಣಿಗೆ ಬೀಳುತ್ತಿರಲಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು: ಮೊದಲು ಸ್ವಲ್ಪ ಹೊತ್ತು ಯಾರೂ ಮಾತನಾಡದೆ ನೋಡಲಿ, ಆಮೇಲೆ ಪ್ರತಿಯೊಬ್ಬರೂ ಒಂದೊಂದು ಜಾಗವನ್ನು ತೋರಿಸಲಿ, ಹೆಸರು, ಕಾಲ, ಕಥೆಗಳು ಅದಾದ ಮೇಲೆ ಬರಲಿ.

ದಾವಣಗೆರೆಯಿಂದ, ಚಿತ್ರಕಲಾ ಶಿಕ್ಷಕಿ

ಮೇಷ್ಟ್ರು ಹೇಳಿದ್ದು ಕಟ್ಟಡಕ್ಕೆ ಬಹಳ ಸರಿ. ಚಿತ್ರಗಳಿಗೆ ಬಂದಾಗ ಇನ್ನೊಂದು ತೊಡಕಿದೆ. ಅದನ್ನು ನಿವಾರಿಸದೆ ಎಷ್ಟು ಹೊತ್ತು ನೋಡಿದರೂ ಅರ್ಧ ನೋಟವೇ. ಮೊಬೈಲು ಎಲ್ಲವನ್ನೂ ಒಂದೇ ಗಾತ್ರಕ್ಕೆ ಇಳಿಸುತ್ತದೆ. ಮೊಹೆಂಜೊದಾರೊದ ಕಂಚಿನ ನರ್ತಕಿಯೂ ಶ್ರವಣಬೆಳಗೊಳದ ಗೊಮ್ಮಟನೂ ಪರದೆಯ ಮೇಲೆ ಗೇಣುದ್ದದ ಬೊಂಬೆಗಳೇ. ನಿಜದಲ್ಲಿ ಮೊದಲನೆಯದರ ಎತ್ತರ ಸುಮಾರು 10.5 ಸೆಂಟಿಮೀಟರ್, ಎಂದರೆ ಕೈಯಲ್ಲಿರುವ ಮೊಬೈಲಿಗಿಂತ ಗಿಡ್ಡ. ಎರಡನೆಯದು ಸುಮಾರು 57 ಅಡಿ. ನಾನು ಮಕ್ಕಳಿಗೆ ಮಾಡಿಸುವ ಒಂದು ಕೆಲಸವನ್ನು ನೀವೂ ಮಾಡಬಹುದು. ತೋರಿಸಲಿರುವ ಚಿತ್ರದ ಉದ್ದಗಲವನ್ನು ಮೊದಲೇ ತಿಳಿದುಕೊಂಡು, ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ, ಅಷ್ಟೇ ಅಳತೆಯ ಹಾಳೆಯನ್ನು ಗೋಡೆಗೆ ತೂಗುಹಾಕಿ. ಮೋನಾಲಿಸಾ 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ. ಪತ್ರಿಕೆಯ ಒಂದು ಬಿಡಿಸಿದ ಹಾಳೆ ಹೆಚ್ಚುಕಡಿಮೆ ಸಾಕಾಗುತ್ತದೆ. ಸಾಲ್ವಡಾರ್ ಡಾಲಿ 1931ರಲ್ಲಿ ಬರೆದ, ಕರಗುವ ಗಡಿಯಾರಗಳ ಆ ಪ್ರಸಿದ್ಧ ಚಿತ್ರ 24 ಸೆಂಟಿಮೀಟರಿಗೆ 33 ಸೆಂಟಿಮೀಟರ್, ಒಂದು ಸ್ಲೇಟಿನಷ್ಟು. ಪಿಕಾಸೊ 1937ರಲ್ಲಿ ಬರೆದ ಗೆರ್ನಿಕಾ ಸುಮಾರು 3.5 ಮೀಟರ್ ಎತ್ತರ, 7.8 ಮೀಟರ್ ಅಗಲ; ನಮ್ಮ ಕಡೆಯ ಸಾಮಾನ್ಯ ಮನೆಗಳ ಯಾವ ಗೋಡೆಗೂ ಅದು ಹಿಡಿಸುವುದಿಲ್ಲ. ಬಾಂಬಿಗೆ ಸಿಕ್ಕ ಊರಿನ ಆಕ್ರಂದನವನ್ನು ಚಿತ್ರಿಸಲು ಅಷ್ಟು ಅಗಲ ಏಕೆ ಬೇಕಾಯಿತು ಎಂಬ ಪ್ರಶ್ನೆ ಹಾಳೆ ಅಂಟಿಸಿದವರಿಗೆ ತಾನಾಗಿ ಹೊಳೆಯುತ್ತದೆ.

ಗಾತ್ರದ ಹಾಗೆಯೇ ಮಾಧ್ಯಮ. ದೀಪವನ್ನು ಅಂಗೈಯಲ್ಲಿ ಮರೆಮಾಡಿಕೊಂಡು ನಿಂತ ಹೆಣ್ಣುಮಗಳ ಚಿತ್ರವನ್ನು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನೋಡದವರು ನಮ್ಮಲ್ಲಿ ಕಡಿಮೆ. ಅದು ರವಿವರ್ಮನ ತೈಲಚಿತ್ರವೆಂದು ಹೇಳುವವರು ಇಂದಿಗೂ ಇದ್ದಾರೆ. ಅದನ್ನು ಬರೆದವರು ಎಸ್. ಎಲ್. ಹಲ್ದಣಕರ್, ಕಾಲ 1940ರ ದಶಕದ ನಡುಭಾಗ, ಎದುರು ನಿಂತಿದ್ದವರು ಅವರ ಮಗಳು, ಬಣ್ಣ ಜಲವರ್ಣ. ತೈಲದಲ್ಲಿ ಬೆಳಕನ್ನು ಬಿಳಿ ಬಣ್ಣವಾಗಿ ಮೇಲೆ ಹಚ್ಚಬಹುದು. ಪಾರದರ್ಶಕ ಜಲವರ್ಣದಲ್ಲಿ ಬೆಳಕೆಂದರೆ ಕಾಗದವೇ; ಎಲ್ಲಿ ಬೆಳಕು ಬೇಕೋ ಅಲ್ಲಿ ಬಣ್ಣ ತಾಗದಂತೆ ಮೊದಲಿನಿಂದಲೂ ಕಾಯಬೇಕು. ಇದನ್ನು ತಿಳಿದವರ ಕಣ್ಣು ಬೆರಳ ಸಂದಿನ ಕೆಂಪಿನ ಮೇಲೆ ನಿಲ್ಲುವ ರೀತಿಯೇ ಬೇರೆ. ಒಮ್ಮೆ ನಿಮ್ಮ ಕೂಟದಲ್ಲಿ ಒಂದು ಜಲವರ್ಣದ ಡಬ್ಬಿ, ನಾಲ್ಕು ಕಾಗದ ಇಟ್ಟುಕೊಂಡು ಎಲ್ಲರೂ ಒಂದು ಆಕಾಶವನ್ನು ಹಚ್ಚಿ ನೋಡಿ. ನಮ್ಮ ಊರಿನಲ್ಲಿಯೇ ದೃಶ್ಯಕಲಾ ಮಹಾವಿದ್ಯಾಲಯವಿದೆ. ಅಲ್ಲಿನ ವಿದ್ಯಾರ್ಥಿಯೊಬ್ಬರನ್ನು ಕರೆದರೆ ಸಂತೋಷದಿಂದ ಬಂದು ತೋರಿಸಿಕೊಡುತ್ತಾರೆ. ಅದಾದ ಮೇಲೆ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯವರಾದ ಪಿ. ಆರ್. ತಿಪ್ಪೇಸ್ವಾಮಿಯವರ ನಿಸರ್ಗಚಿತ್ರಗಳನ್ನು ನೋಡಿ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ಊರೂರು ಅಲೆದು ವಸ್ತುಗಳನ್ನು ಕೂಡಿಸಿದವರೆಂದು ಅವರನ್ನು ಹೆಚ್ಚು ಜನ ಬಲ್ಲರು. ಜಲವರ್ಣದಲ್ಲಿ ಅವರ ಕೈ ಎಂಥದೆಂದು ನಮ್ಮ ಜಿಲ್ಲೆಗಳವರಾದರೂ ತಿಳಿದಿರಬೇಕು.

ಇನ್ನೊಂದು ಮಾತು. ಬಾಯಿಮಾತಿನಲ್ಲಿ ಹೇಳಲಾಗದವರ ಕೈಗೆ ಪೆನ್ಸಿಲ್ ಕೊಡಿ. ಚೆನ್ನಾಗಿ ಬರೆಯಬೇಕಾಗಿಲ್ಲ, ಶಿಲ್ಪದ ಸೊಂಟದ ತಿರುವನ್ನು ಒಂದೇ ಗೆರೆಯಲ್ಲಿ ಎಳೆಯಲು ಪ್ರಯತ್ನಿಸಿದರೆ ಸಾಕು, ಆ ತಿರುವು ಎಲ್ಲಿ ಆರಂಭವಾಗುತ್ತದೆಂದು ಕಣ್ಣು ಹುಡುಕತೊಡಗುತ್ತದೆ. ನೃತ್ಯದ ಗೆರೆಗಳಿಗೆ ಹೆಸರಾದ ಕೆ. ಕೆ. ಹೆಬ್ಬಾರರು ಲಯವನ್ನು ಅರಿಯುವ ಸಲುವಾಗಿ ತಾವೇ ಕಥಕ್ ಕಲಿತರು. ನಮಗೆ ಅಷ್ಟು ಬೇಡ, ಪೆನ್ಸಿಲ್ ಸಾಕು.

ಹರಿಹರದಿಂದ, ಗೃಹಿಣಿ, ಶಾಸನಗಳ ಹವ್ಯಾಸಿ

ಮೇಷ್ಟ್ರ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಕಥೆಯನ್ನೂ ಕಾಲವನ್ನೂ ಕಡೆಗಿಡಬೇಕೆಂಬ ನಿಯಮ ಕೋಟೆಗೋಡೆಗೆ ಹೊಂದೀತು, ದೇವಾಲಯಕ್ಕೆ ಹೊಂದದು. ನಮ್ಮೂರಿನ ಹರಿಹರೇಶ್ವರನ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಗುಹಾಸುರನನ್ನು ಕೊಲ್ಲಲು ಹರಿಹರರು ಒಂದಾದ ಕಥೆಯನ್ನು ತಿಳಿಯದವರಿಗೆ, ಅಲಂಕಾರದಲ್ಲಿ ಮುಚ್ಚಿದ ಆ ಮೂರ್ತಿಯಲ್ಲಿ ಏನನ್ನು ಹುಡುಕಬೇಕೆಂಬುದೇ ಹೊಳೆಯುವುದಿಲ್ಲ. ಕಥೆ ತಿಳಿದ ಮೇಲೆ ಎರಡು ಬದಿಗಳ ಲಾಂಛನಗಳನ್ನು ಅವರು ತಾವಾಗಿಯೇ ಹೋಲಿಸುತ್ತಾರೆ.

ಹೆಸರು, ಕಾಲಗಳೂ ಹಾಗೆಯೇ. ಈ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ ಪೊಲಾಳ್ವ ದಂಡನಾಯಕ 1224ರ ಸುಮಾರಿಗೆ ಕಟ್ಟಿಸಿದ. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಇದಕ್ಕೆ ಸೇರ್ಪಡೆಗಳನ್ನು ಮಾಡಿಸಿದ. ಈ ಸೋಮನೇ ಸೋಮನಾಥಪುರದ ಕೇಶವ ದೇವಾಲಯವನ್ನು ಕಟ್ಟಿಸಿದವನು ಎಂದು ಹೇಳಿ ನೋಡಿ, ಕೇಳುವವರು ಎದ್ದು ಕೂರುತ್ತಾರೆ. ಅಲ್ಲಿ ಹೊರಗೋಡೆಯ ತುಂಬ ಶಿಲ್ಪದ ಪಟ್ಟಿಕೆಗಳು. ಇಲ್ಲಿ ಅಷ್ಟು ಆಡಂಬರವಿಲ್ಲ. ಇಲ್ಲಿನ ಸೊಗಸೆಲ್ಲ ತೆರೆದ ಮಂಟಪದಲ್ಲಿದೆ. ಮಂಟಪದ ಅಂಚು ನೇರ ಹೋಗದೆ ಹಂತಹಂತವಾಗಿ ಒಳಸರಿದು ಹೊರಚಾಚುತ್ತದೆ. ಅಂಚಿನ ಗಿಡ್ಡ ಗೋಡೆಯ ಮೇಲೆ ತಿರುಗಣೆಯಲ್ಲಿ ಕಡೆದ ಅರೆಕಂಬಗಳು ನಿಂತಿವೆ, ನಡುವಿನ ಪೂರ್ಣಕಂಬಗಳು ಅವಕ್ಕಿಂತ ಸರಳ. ನಮ್ಮ ಕಡೆಯ ಜನ ಆ ಕಂಬಗಳಿಗೆ ಒರಗಿ ಪ್ರಸಾದ ತಿನ್ನುತ್ತಾರೆಯೇ ಹೊರತು ತಲೆಯೆತ್ತಿ ಚಾವಣಿಯ ತಾವರೆಗಳನ್ನು ನೋಡುವುದಿಲ್ಲ. ಮೂಲ ಶಿಖರ ಉಳಿದಿಲ್ಲ, ಈಗಿರುವುದು ಇಟ್ಟಿಗೆ ಗಾರೆಯದು. ಇದನ್ನು ಹೇಳಿಕೊಡದಿದ್ದರೆ, ಬೇರೆ ಬೇರೆ ಕಾಲದ ಎರಡು ಕೆಲಸಗಳನ್ನು ಒಂದೇ ಎಂದುಕೊಂಡು "ಈ ಗೋಪುರ ಏಕೋ ಹೊಂದುತ್ತಿಲ್ಲ" ಎಂದು ಪೊಲಾಳ್ವನನ್ನು ದೂರುತ್ತಾರೆ.

ಶಿಲ್ಪಿಯ ಹೆಸರು ಗೊತ್ತಿರುವಲ್ಲಿ ಅದನ್ನು ಮೊದಲೇ ಹೇಳಿ ಎಂದೂ ನಾನು ಕೇಳಿಕೊಳ್ಳುತ್ತೇನೆ. ಬೇಲೂರಿನಲ್ಲಿ ಕೆಲಸ ಮಾಡಿದ ದಾಸೋಜ, ಅವನ ಮಗ ಚಾವಣ ಇಬ್ಬರೂ ಬಳ್ಳಿಗಾವೆಯವರು. ತರೀಕೆರೆಯ ಹತ್ತಿರದ ಅಮೃತಾಪುರದಲ್ಲಿ 1196ರಲ್ಲಿ ಎದ್ದ ಅಮೃತೇಶ್ವರ ದೇವಾಲಯದಲ್ಲಿ ದುಡಿದ ರೂವಾರಿ ಮಲ್ಲಿತಮ್ಮನ ಹೆಸರು ದಶಕಗಳ ನಂತರ ಸೋಮನಾಥಪುರದಲ್ಲಿಯೂ ಸಿಗುತ್ತದೆ. ಒಬ್ಬನ ಕೈಯನ್ನು ಒಂದು ದೇವಾಲಯದಿಂದ ಇನ್ನೊಂದಕ್ಕೆ ಹಿಂಬಾಲಿಸುವುದು ನಿಮ್ಮ ಕೂಟಕ್ಕೆ ಒಂದು ವರ್ಷದ ಕೆಲಸವಾದೀತು.

ಹಿರಿಯೂರಿನಿಂದ, ಛಾಯಾಗ್ರಾಹಕರು

ಚಾವಣಿಯ ಮಾತು ಬಂದದ್ದರಿಂದ ಎರಡು ಸಾಲು. ನಮ್ಮೂರಿನ ತೇರುಮಲ್ಲೇಶ್ವರ ದೇವಾಲಯದ ಚಾವಣಿಯಲ್ಲಿ ಪುರಾಣ ಕಥೆಗಳ ಹಳೆಯ ವರ್ಣಚಿತ್ರಗಳಿವೆ. ಕತ್ತೆತ್ತಿ ನೋಡಿದರೆ ಸ್ವಲ್ಪ ಹೊತ್ತಿಗೆ ಕುತ್ತಿಗೆ ಸೋಲುತ್ತದೆ. ಒಂದು ಸಾಧಾರಣ ಮುಖ ನೋಡುವ ಕನ್ನಡಿಯನ್ನು ಸೊಂಟದ ಮಟ್ಟದಲ್ಲಿ ಹಿಡಿದು, ತಲೆ ಬಗ್ಗಿಸಿ ಅದರಲ್ಲಿ ನೋಡುತ್ತ ನಡೆದರೆ ಇಡೀ ಚಾವಣಿಯನ್ನು ಆಯಾಸವಿಲ್ಲದೆ ನೋಡಬಹುದು. ಎಡಬಲ ಅದಲುಬದಲಾಗಿರುತ್ತದೆ ಎಂಬುದು ನೆನಪಿರಲಿ. ಇಲ್ಲವೇ ಸಣ್ಣ ದುರ್ಬೀನು ಒಯ್ಯಿರಿ. ಉಬ್ಬುಶಿಲ್ಪವನ್ನಾದರೆ ಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ನೋಡಬೇಡಿ, ಬೆಳಗ್ಗೆ ಅಥವಾ ಇಳಿಹೊತ್ತಿನ ಓರೆ ಬೆಳಕಿನಲ್ಲಿ ನೋಡಿ. ವರ್ಣಚಿತ್ರಗಳ ಮೇಲೆ ಫ್ಲ್ಯಾಶ್ ಹಾಯಿಸಬೇಡಿ. ಪೂಜೆಯ ವೇಳೆ ಅರ್ಚಕರನ್ನು ಕೇಳದೆ ಯಾವ ಚಿತ್ರವನ್ನೂ ತೆಗೆಯಬೇಡಿ. ಕೇಂದ್ರ ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಕ್ಯಾಮೆರಾದ ಮುಕ್ಕಾಲಿ ಸ್ಟ್ಯಾಂಡ್ ಬಳಸಲು ಮೊದಲೇ ಅನುಮತಿ ಬೇಕು.

ಕೋರಿಕೆ ಸಲ್ಲಿಸಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಪತ್ರಿಕೆಯ ಹಾಳೆ ಅಂಟಿಸುವ ಕೆಲಸವನ್ನು ಮುಂದಿನ ಭಾನುವಾರವೇ ಮಾಡುತ್ತೇವೆ. ಎರಡು ಸಂದೇಹಗಳು ಉಳಿದಿವೆ. ನಮ್ಮಲ್ಲಿ ಇಬ್ಬರಿಗೆ ಯುರೋಪಿನ ಚಿತ್ರಗಳು ಬಿಟ್ಟು ಬೇರೆ ಬೇಡ, ಇನ್ನಿಬ್ಬರಿಗೆ ದೇವಾಲಯಗಳನ್ನು ಬಿಟ್ಟು ಬೇರೆ ಸೇರುವುದಿಲ್ಲ. ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಆಕಳಿಸುತ್ತಾರೆ. ಎರಡನೆಯದು, ಮೆಚ್ಚಿದ ಚಿತ್ರಗಳನ್ನು ಸೇರಿಸಿ ಒಂದು ಸಣ್ಣ ಪುಸ್ತಿಕೆ ಅಚ್ಚು ಹಾಕಿಸಿ ಸ್ನೇಹಿತರಿಗೆ ಹಂಚುವ ಆಸೆಯಿದೆ. ಅದಕ್ಕೆ ಏನಾದರೂ ಅಡ್ಡಿಯುಂಟೇ?

ದಾವಣಗೆರೆಯಿಂದ, ವಕೀಲರು

ಎರಡನೆಯ ಪ್ರಶ್ನೆಗೆ ಉತ್ತರ. ಮನೆಯಲ್ಲಿ ನಾಲ್ಕು ಜನ ಕುಳಿತು ನೋಡುವುದಕ್ಕೆ ಯಾರ ತಕರಾರೂ ಇಲ್ಲ. ಅಚ್ಚು ಹಾಕಿ ಹಂಚುವುದು ಬೇರೆ ವಿಷಯ. ನಮ್ಮ ದೇಶದ ಕಾಯಿದೆಯಂತೆ ಕಲಾವಿದರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಅವರ ಚಿತ್ರಗಳಿಗೆ ಹಕ್ಕುಸ್ವಾಮ್ಯ ಇರುತ್ತದೆ. 1906ರಲ್ಲಿ ತೀರಿಕೊಂಡ ರವಿವರ್ಮನ ಚಿತ್ರಗಳಿಗೆ ಆ ಬಂಧನವಿಲ್ಲ. 1996ರಲ್ಲಿ ತೀರಿಕೊಂಡ ಹೆಬ್ಬಾರರ ಚಿತ್ರಗಳಿಗೆ 2056ರ ಕೊನೆಯವರೆಗೆ ಇದೆ. ಕಟ್ಟಡಗಳನ್ನೂ ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಶಿಲ್ಪಗಳನ್ನೂ ನೀವೇ ತೆಗೆದ ಛಾಯಾಚಿತ್ರದಲ್ಲಿ ಧಾರಾಳವಾಗಿ ಪ್ರಕಟಿಸಬಹುದು, ಆದರೆ ಇನ್ನೊಬ್ಬರು ತೆಗೆದ ಛಾಯಾಚಿತ್ರಕ್ಕೆ ಅವರ ಒಪ್ಪಿಗೆ ಪಡೆಯಬೇಕು. ಬದುಕಿರುವ ಕಲಾವಿದರಾದರೆ ಪತ್ರ ಬರೆದು ಕೇಳುವುದೇ ಮರ್ಯಾದೆ.

ದಾವಣಗೆರೆಯಿಂದ, ಚಿತ್ರಕಲಾ ಶಿಕ್ಷಕಿ

ಮೊದಲನೆಯ ಪ್ರಶ್ನೆಗೆ: ಆ ನಾಲ್ವರನ್ನೂ ಯುರೋಪಿಗೂ ಸೇರದ, ದೇವಾಲಯಕ್ಕೂ ಸೇರದ ಕೃತಿಗಳ ಮುಂದೆ ಕೂರಿಸಿ. ಹಳೆಯ ಮನೆಗಳ ದೇವರಕೋಣೆಯಲ್ಲಿ ಕಟ್ಟು ಹಾಕಿಸಿದ ರವಿವರ್ಮನ ಲಕ್ಷ್ಮಿಯೋ ಸರಸ್ವತಿಯೋ ಇದ್ದೇ ಇರುತ್ತದೆ. ಅವನು 1894ರಲ್ಲಿ ಮುಂಬಯಿಯ ಹತ್ತಿರ ಮುದ್ರಣಾಲಯ ಸ್ಥಾಪಿಸಿ ಆ ಚಿತ್ರಗಳನ್ನು ಮನೆಮನೆಗೆ ಮುಟ್ಟಿಸಿದ. ಬಣ್ಣಕ್ಕೊಂದು ಕಲ್ಲಿನಂತೆ, ಒಂದರ ಮೇಲೊಂದು ಒತ್ತಿದ ಅಚ್ಚು ಅದು. ಒಂದು ಭೂತಗನ್ನಡಿ ತಂದು ನೋಡಿದರೆ, ಹಳೆಯ ಅಚ್ಚಿನಲ್ಲಿ ಕೈಯಿಂದಿಟ್ಟ ಸಣ್ಣ ಚುಕ್ಕೆಗಳು ಅಡ್ಡಾದಿಡ್ಡಿಯಾಗಿ ಕಾಣುತ್ತವೆ, ಇಂದಿನ ಮರುಮುದ್ರಣದಲ್ಲಿ ಚುಕ್ಕೆಗಳು ಸಾಲು ತಪ್ಪುವುದಿಲ್ಲ. ಸರಸ್ವತಿಯ ಮುಖದ ನೆರಳು ಬೆಳಕು ಯುರೋಪಿನ ತೈಲಚಿತ್ರದ ಪಾಠ, ನಾಲ್ಕು ಕೈ, ವೀಣೆ, ಕುಳಿತ ಭಂಗಿ ನಮ್ಮ ಶಿಲ್ಪಶಾಸ್ತ್ರದ ಪಾಠ. ನಿಮ್ಮ ಎರಡೂ ಪಂಗಡದವರಿಗೆ ಬೆರಳಿಡಲು ಜಾಗವಿದೆ.

ಇನ್ನೊಂದು, ಕಂಪನಿ ನಾಟಕದ ಪರದೆಗಳು. ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮ ಊರಿನದೇ ಆಗಿದ್ದರೂ, ಪರದೆ ಬರೆದವರನ್ನು ಚಿತ್ರಕಾರರೆಂದು ನಾವು ಎಣಿಸಿದ್ದು ಕಡಿಮೆ. ಬೀದಿಯ ಪರದೆಯಲ್ಲಿ ಎರಡು ಬದಿಯ ಮನೆಗಳು ಹಿಂದೆ ಹಿಂದೆ ಹೋದಂತೆ ಕಿರಿದಾಗಿ ಒಂದು ಬಿಂದುವಿನಲ್ಲಿ ಕೂಡುತ್ತವೆ. ಪಾತ್ರಧಾರಿ ಪರದೆಗೆ ತೀರ ಹತ್ತಿರ ಹೋದರೆ ಮನೆಯ ಬಾಗಿಲಿಗಿಂತ ಎತ್ತರವಾಗಿ ಕಾಣುತ್ತಾನೆ, ಹಾಗಾಗಿ ನಾಟಕವೆಲ್ಲ ರಂಗದ ಮುಂಭಾಗದಲ್ಲಿಯೇ ನಡೆಯಬೇಕು. ನಿಮ್ಮ ಯುರೋಪಿನ ಪಂಗಡದವರು ಇಟಲಿಯ ಚಿತ್ರಗಳಲ್ಲಿ ಮೆಚ್ಚುವ ದೂರ-ಹತ್ತಿರದ (ಪರ್ಸ್ಪೆಕ್ಟಿವ್) ಲೆಕ್ಕವೇ ಅದು. ಹಳೆಯ ಪರದೆ ಯಾರ ಅಟ್ಟದಲ್ಲಿಯಾದರೂ ಇದ್ದರೆ ಬಿಡಿಸಿ ನೋಡಿ, ಮಡಿಕೆಯಲ್ಲಿ ಬಣ್ಣ ಉದುರದಂತೆ ಎಚ್ಚರವಿರಲಿ.

ಚಿತ್ರದುರ್ಗದಿಂದ, ನಿವೃತ್ತ ಪ್ರೌಢಶಾಲಾ ಶಿಕ್ಷಕರು

ಹರಿಹರದ ತಾಯಿಯವರ ಮಾತನ್ನು ಮೂರ್ತಿಯ ಮಟ್ಟಿಗೆ ಒಪ್ಪುತ್ತೇನೆ. ಮಂಟಪದ ಮಟ್ಟಿಗೆ ಒಪ್ಪಲಾರೆ. ಒಳಸರಿದು ಹೊರಚಾಚುವ ಆ ಅಂಚನ್ನು ಕಾಣಲು ಪೊಲಾಳ್ವನ ಹೆಸರು ಬೇಕಾಗಿಲ್ಲ, ಒಮ್ಮೆ ಅಂಚಿನ ಗುಂಟ ನಡೆದರೆ ಕಾಲಿಗೇ ತಿಳಿಯುತ್ತದೆ. ಎರಡೂ ಕ್ರಮವನ್ನು ಪರೀಕ್ಷಿಸಲು ಸಂತೇಬೆನ್ನೂರಿನ ಪುಷ್ಕರಣಿಗಿಂತ ಒಳ್ಳೆಯ ಜಾಗವನ್ನು ನಾನು ಕಾಣೆ. ಹದಿನಾರನೆಯ ಶತಮಾನದಲ್ಲಿ ಹನುಮಪ್ಪ ನಾಯಕ ಕಟ್ಟಿಸಿದ ಮೆಟ್ಟಿಲುಗಳ ಕೊಳ, ನೀರಿನ ನಡುವೆ ವಸಂತ ಮಂಟಪ, ಅಂಚಿನಲ್ಲಿ ಸಣ್ಣ ಮಂಟಪಗಳು, ಪಕ್ಕದಲ್ಲಿಯೇ ಬಿಜಾಪುರದವರ ಕಾಲದ ಪ್ರಯಾಣಿಕರ ತಂಗುದಾಣವಾದ ಮುಸಾಫಿರ್‌ಖಾನೆ. ನಿಮ್ಮವರಲ್ಲಿ ಅರ್ಧ ಜನರಿಗೆ ಮನೆಯಲ್ಲಿಯೇ ಈ ಚರಿತ್ರೆಯನ್ನೆಲ್ಲ ಹೇಳಿ ಕರೆತನ್ನಿ, ಉಳಿದವರನ್ನು ಏನೂ ಹೇಳದೆ ಕರೆತನ್ನಿ. ನಡುವಿನ ಮಂಟಪದ ಕಮಾನುಗಳನ್ನೂ ಕೊಳದ ಮೆಟ್ಟಿಲುಗಳನ್ನೂ ಮುಸಾಫಿರ್‌ಖಾನೆಯ ಕಮಾನುಗಳನ್ನೂ ನೋಡಿ, ಯಾವುದು ಯಾರಿಂದ ಕಲಿತ ಕೆಲಸ ಎಂದು ಇಬ್ಬರೂ ಬೇರೆ ಬೇರೆಯಾಗಿ ಬರೆದಿಡಲಿ, ಆಮೇಲೆ ಕೂಡಿ ಓದಲಿ. ಬೆಳಗ್ಗೆ ಬೇಗ ಹೊರಡಿ. ಬಿಸಿಲೇರಿದ ಮೇಲೆ ಆ ಕಲ್ಲಿನ ಮೆಟ್ಟಿಲುಗಳ ಮೇಲೆ ಕುಳಿತು ಬರೆಯಲಾಗುವುದಿಲ್ಲ. ಹಿಂದಿರುಗುವಾಗ ಸಮಯ ಉಳಿದರೆ ಸೂಳೆಕೆರೆಯ ಏರಿ ಅಲ್ಲಿಂದ ದೂರವಿಲ್ಲ.